ಸೌನಾವೋ, ಹಾಟ್ ಟಬ್ಬೋ, ತಣ್ಣೀರಿನ ತೊಟ್ಟಿಯೋ? ಕೊಳ್ಳುವ ಮೊದಲು ಇಷ್ಟು ನೋಡಿ

ಸೌನಾ ಎಂದರೆ ಬಿಸಿಗಾಳಿಯಲ್ಲಿ ಕೂತು ಬೆವರುವ ಕೋಣೆ, ಹಾಟ್ ಟಬ್ ಎಂದರೆ ಕೂರುವ ಬಿಸಿನೀರಿನ ತೊಟ್ಟಿ, ತಣ್ಣೀರಿನ ತೊಟ್ಟಿ ಎಂದರೆ ಕೊರೆಯುವ ನೀರಿನದು. ಮೂರಕ್ಕೂ ಜಾಹೀರಾತು ಹೆಚ್ಚುಕಡಿಮೆ ಒಂದೇ: ದಣಿವು ಹೋಗುತ್ತದೆ, ನಿದ್ದೆ ಬರುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ಮೈ ಮೇಲೆ ಇವುಗಳ ಪರಿಣಾಮ ಬೇರೆ ಬೇರೆ. ಮನೆಗೆ ತಂದ ಮೇಲೆ ಹಚ್ಚುವ ಕೆಲಸವಂತೂ ಪೂರ್ತಿ ಬೇರೆ. ಹೆಚ್ಚಿನವರು ಬೆಲೆ ನೋಡಿ ಆರಿಸುತ್ತಾರೆ. ದಿನವೂ ಅದರ ಚಾಕರಿ ಮಾಡುವವರು ಯಾರು ಎಂಬುದನ್ನು ಮೊದಲು ಯೋಚಿಸುವುದು ವಾಸಿ.

ಹೆಜ್ಜೆ 1: ನಿಮ್ಮ ಮೈಗೆ ಆಗುತ್ತದೆಯೇ?

ಬಿಸಿಯಲ್ಲಿ ರಕ್ತನಾಳ ಹಿಗ್ಗುತ್ತದೆ, ಬಿಪಿ ಇಳಿಯುತ್ತದೆ. ತಟ್ಟನೆ ಎದ್ದರೆ ತಲೆ ಸುತ್ತುವುದು ಅದಕ್ಕೇ. ಕೊರೆಯುವ ನೀರಿನಲ್ಲಿ ಇದು ತಿರುವುಮುರುವು. ರಕ್ತನಾಳ ಬಿಗಿಯುತ್ತದೆ, ಎದೆಬಡಿತ ಮತ್ತು ಬಿಪಿ ಒಮ್ಮೆಲೇ ಏರುತ್ತವೆ. ಇಳಿದ ಕೂಡಲೇ ನಮ್ಮ ಹಿಡಿತಕ್ಕೆ ಸಿಗದಂತೆ ಉಸಿರು ಒಳಗೆಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಖ ನೀರೊಳಗಿದ್ದರೆ ನೀರು ಶ್ವಾಸಕೋಶಕ್ಕೇ ಹೋಗಬಹುದು. ಆದ್ದರಿಂದ ಧುಮುಕಬೇಡಿ, ಮೆಲ್ಲನೆ ಇಳಿಯಿರಿ, ಪಕ್ಕದಲ್ಲಿ ಒಬ್ಬರಿರಲಿ.

ಹೃದಯದ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮೂರರ ಹತ್ತಿರವೂ ಹೋಗಬಾರದು. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರಿಗೂ ಒಂದು ಮಾತು: ಪದೇ ಪದೇ ಬಿಸಿಯಲ್ಲಿ ಕೂತರೆ ವೀರ್ಯಾಣುಗಳ ಸಂಖ್ಯೆ ತಾತ್ಕಾಲಿಕವಾಗಿ ಕುಗ್ಗಬಹುದು. ಕುಡಿದಿದ್ದರೆ ಆ ದಿನ ಯಾವುದೂ ಬೇಡ.

ಹೆಜ್ಜೆ 2: ಯಾತಕ್ಕೆ ಬೇಕು, ಒಂದೇ ಕಾರಣ ಹೇಳಿ

ನಿದ್ದೆಗಾದರೆ ಬಿಸಿನೀರು. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 40 ಡಿಗ್ರಿ ಆಸುಪಾಸಿನ ನೀರಿನಲ್ಲಿ ಹತ್ತು ನಿಮಿಷ ಇದ್ದರೂ ಬೇಗ ನಿದ್ದೆ ಹತ್ತುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2019ರ ವಿಶ್ಲೇಷಣೆ ಹೇಳಿದೆ. ಕೈಕಾಲಿಗೆ ರಕ್ತ ಹರಿದು, ಆಮೇಲೆ ಮೈಯ ಒಳಗಿನ ಶಾಖ ಇಳಿಯುವುದೇ ಇದರ ಗುಟ್ಟು. ಅಷ್ಟಕ್ಕೇ ಆದರೆ ಬಚ್ಚಲುಮನೆಯ ಸ್ನಾನವೇ ಸಾಕು, ಅಲ್ವಾ?

ಆಟ, ಓಟದ ನಂತರದ ಮೈಕೈ ನೋವಿಗೆ 10ರಿಂದ 15 ಡಿಗ್ರಿಯ ತಣ್ಣೀರು ಒಳ್ಳೆಯದು. ಆದರೆ ತೂಕ ಎತ್ತಿ ಸ್ನಾಯು ಬೆಳೆಸುವವರು ವ್ಯಾಯಾಮ ಮುಗಿಸಿದ ತಕ್ಷಣ ಇಳಿಯಬೇಡಿ. 12 ವಾರ ಹಾಗೆ ಮಾಡಿದವರಲ್ಲಿ ಸ್ನಾಯು ಕಡಿಮೆ ಬೆಳೆದದ್ದು 2015ರ ಒಂದು ಅಧ್ಯಯನದಲ್ಲಿ ಕಂಡಿತ್ತು.

ಹೃದಯದ ಆರೋಗ್ಯದ ಮಾತು ಬಂದಾಗ ಎಲ್ಲರೂ ಫಿನ್ಲೆಂಡ್ ಕಡೆ ಕೈ ತೋರಿಸುತ್ತಾರೆ. ಅಲ್ಲಿ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುವವರಲ್ಲಿ ಹೃದಯದಿಂದಾಗುವ ಸಾವು ಕಡಿಮೆ ಇತ್ತು. ಸೌನಾದಿಂದಲೇ ಹಾಗಾಯಿತು ಎಂದು ಅದು ಸಾಬೀತು ಮಾಡಿಲ್ಲ. ಗಟ್ಟಿಮುಟ್ಟಾಗಿ ಇರುವವರೇ ಜಾಸ್ತಿ ಹೋಗುತ್ತಿರಬಹುದು. ಇನ್ನೊಂದು, ಅದು 80 ಡಿಗ್ರಿ ಸುತ್ತಮುತ್ತಲಿನ ಸಾಂಪ್ರದಾಯಿಕ ಸೌನಾ. ಗಾಳಿಗಿಂತ ಹೆಚ್ಚಾಗಿ ನೇರ ಮೈಯನ್ನೇ ಕಾಯಿಸುವ, 45ರಿಂದ 60 ಡಿಗ್ರಿಯ ಇನ್‌ಫ್ರಾರೆಡ್ ಪೆಟ್ಟಿಗೆ ಮಾರುವವರೂ ಅದೇ ಅಧ್ಯಯನ ತೋರಿಸಿದರೆ ಸುಮ್ನೆ ನಕ್ಕುಬಿಡಿ.

ತೂಕ ಇಳಿಸಲು ಎಂದರೆ, ಬೆವರಿನಲ್ಲಿ ಹೋಗುವುದು ನೀರು. ಒಂದು ಚೊಂಬು ಕುಡಿದರೆ ವಾಪಸ್.

ಹೆಜ್ಜೆ 3: ನೆಲ, ಕರೆಂಟು

ಒಂದು ಲೀಟರ್ ನೀರು ಒಂದು ಕಿಲೋ. 1,200 ಲೀಟರಿನ ಹಾಟ್ ಟಬ್ಬಿಗೆ ಅದರದ್ದೇ ತೂಕ, ಕೂರುವ ನಾಲ್ವರ ತೂಕ ಸೇರಿಸಿದರೆ ಎರಡು ಟನ್ ಹತ್ತಿರ ಬರುತ್ತದೆ. ತಾರಸಿ ಅಥವಾ ಬಾಲ್ಕನಿಯಲ್ಲಿ ಇಡುವ ಯೋಚನೆಯಿದ್ದರೆ ಮುಂಗಡ ಕೊಡುವ ಮೊದಲು ಕಟ್ಟಡದ ಎಂಜಿನಿಯರ್‌ಗೆ ತೋರಿಸಿ. ಒಬ್ಬರು ಕೂರುವ ತಣ್ಣೀರಿನ ತೊಟ್ಟಿ ಇಷ್ಟು ಭಾರ ಇರುವುದಿಲ್ಲ.

ಸೌನಾ ಹೀಟರಿಗೆ ಒಂದು ಘನ ಮೀಟರ್ ಜಾಗಕ್ಕೆ ಸುಮಾರು ಒಂದು ಕಿಲೋವ್ಯಾಟ್ ಎಂಬ ಲೆಕ್ಕವಿದೆ. 6 ಕಿಲೋವ್ಯಾಟಿನದಾದರೆ ಬೇರೆಯದೇ ಲೈನ್ ಎಳೆಸಬೇಕು. ನೀರು, ಕರೆಂಟು ಒಟ್ಟಿಗೆ ಇರುವ ಕಡೆ ಸೋರಿಕೆ ಆದೊಡನೆ ಕರೆಂಟು ಕಡಿಯುವ ಬ್ರೇಕರ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಸೌನಾ ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಚಿಲಕ ಬೇಡ.

ಹೆಜ್ಜೆ 4: ನೀರು ಯಾರು ನೋಡಿಕೊಳ್ಳುತ್ತಾರೆ?

ಹಾಟ್ ಟಬ್ ಕೊಂಡವರು ಸುಸ್ತಾಗುವುದು ಇಲ್ಲೇ. ಬಿಸಿನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಬೆವರು, ಎಣ್ಣೆ, ಕ್ರೀಮು ಸೇರಿದರೆ ಇನ್ನೂ ಬೇಗ. ಕ್ಲೋರಿನ್ ಕನಿಷ್ಠ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.0ರಿಂದ 7.8ರ ನಡುವೆ ಇರಬೇಕು. ಇಳಿಯುವ ಮೊದಲು ಪರೀಕ್ಷೆಯ ಪಟ್ಟಿ ಅದ್ದಿ ನೋಡಿ. ಅಸಡ್ಡೆ ಮಾಡಿದರೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಮೈಮೇಲೆ ತುರಿಕೆಯ ಗುಳ್ಳೆ ಏಳುತ್ತವೆ. ಲೆಜಿಯೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇನ್ನೂ ಅಪಾಯಕಾರಿ. ಗುಳ್ಳೆಗುಳ್ಳೆಯಾಗಿ ಏಳುವ ನೀರಿನ ಸೂಕ್ಷ್ಮ ಹನಿ ಉಸಿರಿನಲ್ಲಿ ಒಳಹೋಗಿ ನ್ಯುಮೋನಿಯಾ ತರುತ್ತದೆ. ಫಿಲ್ಟರ್ ಆಗಾಗ ತೊಳೆಯಬೇಕು, ಮೂರ್ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ನೀರು ಬದಲಿಸಬೇಕು.

ತಣ್ಣೀರಿಗೆ ಇಷ್ಟು ಕಾಟವಿಲ್ಲ. ಆದರೂ ಫಿಲ್ಟರ್ ಇಲ್ಲದ ತೊಟ್ಟಿಯ ನೀರನ್ನು ಕೆಲವೇ ದಿನಕ್ಕೆ ಚೆಲ್ಲಬೇಕು. ಮಕ್ಕಳಿರುವ ಮನೆಯಲ್ಲಿ ನೀರಿನ ಎರಡಕ್ಕೂ ಬೀಗ ಹಾಕುವ ಮುಚ್ಚಳ ಕಡ್ಡಾಯ. ಸೌನಾದಲ್ಲಿ ಬೆಂಚು ಒರೆಸಿ ಬಾಗಿಲು ತೆರೆದಿಟ್ಟರೆ ಮುಗಿಯಿತು. ಜಾಗ, ಕರೆಂಟು ಎರಡೂ ಇದ್ದರೆ ನನ್ನ ಮತ ಅದಕ್ಕೇ.

ಹೆಜ್ಜೆ 5: ಒಂದು ತಿಂಗಳು ಪರೀಕ್ಷಿಸಿ

ತಣ್ಣೀರಿಗೆ ಯಂತ್ರ ಬೇಡ. ಸ್ನಾನದ ಕೊನೆಗೆ ಅರ್ಧ ನಿಮಿಷ ತಣ್ಣೀರು ಹೊಯ್ದುಕೊಳ್ಳಿ. ಹಿಡಿಸಿದರೆ ದೊಡ್ಡ ಟಬ್ಬಿನಲ್ಲಿ ಐಸ್ ಹಾಕಿ, ಥರ್ಮಾಮೀಟರ್ ಇಟ್ಟು ನೋಡಿ. ಸೌನಾಕ್ಕೆ ಜಿಮ್ ಅಥವಾ ಸ್ಪಾಗೆ ಹೋಗಿಬನ್ನಿ. ಮೊದಮೊದಲು ಸೌನಾದಲ್ಲಿ ಐದರಿಂದ ಹತ್ತು ನಿಮಿಷ, 40 ಡಿಗ್ರಿ ಮೀರದ ಹಾಟ್ ಟಬ್ಬಿನಲ್ಲಿ ಹತ್ತು ನಿಮಿಷ, ತಣ್ಣೀರಿನಲ್ಲಿ ಒಂದು ನಿಮಿಷದೊಳಗೆ ಸಾಕು. ತಿಂಗಳ ಕೊನೆಗೂ ಹೋಗಬೇಕೆನಿಸುತ್ತಿದ್ದರೆ ಆಮೇಲೆ ಅಂಗಡಿಗೆ ಹೋಗಿ, ಬಿಡಿಭಾಗ ಮತ್ತು ರಿಪೇರಿ ಎಲ್ಲಿ ಸಿಗುತ್ತದೆ ಎಂದು ಮೊದಲು ಕೇಳಿ.