ಕೇಳಿದ್ದು ಸಿವಿ, ಕಳಿಸಬೇಕಾದ್ದೇನು?

ಬೆಂಗಳೂರಿನಲ್ಲಿ ಕೆಲಸ ಹುಡುಕುವವರ ಬಾಯಲ್ಲಿ ಸಿವಿ, ರೆಸ್ಯೂಮೆ, ಬಯೋಡೇಟಾ ಮೂರೂ ಒಂದೇ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯವರು ‘ಸಿವಿ ಕಳಿಸಿ’ ಅಂದರೆ ಸಾಮಾನ್ಯವಾಗಿ ಅವರಿಗೆ ಬೇಕಿರುವುದು ಒಂದೆರಡು ಪುಟದ ರೆಸ್ಯೂಮೆ. ಅದೇ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಸಂಶೋಧನೆಯ ಹುದ್ದೆಗೆ ಕೇಳುವುದು ನಿಜವಾದ ಸಿವಿ: ಓದಿದ್ದು, ಕಲಿಸಿದ್ದು, ಪ್ರಕಟಿಸಿದ್ದು ಎಲ್ಲದರ ಪೂರ್ತಿ ಲೆಕ್ಕ. ಅನುಭವ ಇದ್ದವರದು ಐದಾರು ಪುಟವಾದರೂ ತಪ್ಪಿಲ್ಲ. ಹಾಗಾಗಿ ಮೊದಲು ಜಾಹೀರಾತನ್ನು ಸರಿಯಾಗಿ ಓದಿ. ಪುಟದ ಮಿತಿ ಇದೆಯೇ? ಅವರದೇ ಫಾರ್ಮ್ ಇದೆಯೇ?

ಆಮೇಲೆ ಒಂದು ದೊಡ್ಡ ಫೈಲ್ ಮಾಡಿಟ್ಟುಕೊಳ್ಳಿ. ಎಲ್ಲವೂ ಅದರಲ್ಲಿರಲಿ, ಇತ್ತೀಚಿನದು ಮೇಲೆ. ಯಾರು ಏನೇ ಕೇಳಿದರೂ ಇದರಿಂದಲೇ ಬೇಕಾದಷ್ಟು ತೆಗೆದು ಕೊಡುವುದು.

ಮೇಲ್ಭಾಗದಲ್ಲಿ ಹೆಸರು, ಮೊಬೈಲ್, ಇಮೇಲ್ ಸಾಕು. ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ ಎಂಬುದೆಲ್ಲ ಸುಮ್ನೆ ಜಾಗ ತಿನ್ನುತ್ತದೆ. ಸರ್ಕಾರಿ ಹುದ್ದೆಯಾದರೆ ಬೇಕಾದ್ದನ್ನು ಅವರ ಅರ್ಜಿಯಲ್ಲೇ ಕೇಳುತ್ತಾರೆ.

ಓದಿನ ವಿವರ ಬೇಗ ಮುಗಿಸಿ: ಪದವಿ, ಕಾಲೇಜು, ವರ್ಷ. ಕಾಲೇಜಿನ ಮೇಷ್ಟರ ಹುದ್ದೆಗಾದರೆ ನೆಟ್ ಅಥವಾ ಕೆಸೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆಗಳು) ಪಾಸಾದ ವಿಷಯ, ವರ್ಷ ಮರೆಯಬೇಡಿ.

ಜಾಸ್ತಿ ಹೊತ್ತು ಕೊಡಬೇಕಾದ್ದು ಅನುಭವಕ್ಕೆ ಮತ್ತು ಪ್ರಕಟಣೆಗಳಿಗೆ. ‘ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ’ ಅಂದರೆ ಓದುವವರಿಗೆ ಏನು ತಿಳಿಯಬೇಕು? ‘ಮಣ್ಣಿನ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿದೆ, ಹೊಸಬರಿಗೂ ಕಲಿಸಿದೆ’ ಎಂದು ಬರೆಯಿರಿ. ಲೇಖನದ ಲೇಖಕರ ಹೆಸರುಗಳು ಅಚ್ಚಾದ ಕ್ರಮದಲ್ಲೇ ಇರಲಿ. ನಿಮ್ಮದನ್ನು ದಪ್ಪಕ್ಷರದಲ್ಲಿ ಹಾಕಿದರಾಯಿತು. ಪತ್ರಿಕೆ, ವರ್ಷ, ಡಿಒಐ (ಲೇಖನವನ್ನು ಆನ್‌ಲೈನ್‌ನಲ್ಲಿ ಹುಡುಕಲು ಕೊಡುವ ಗುರುತು) ಕೊಡಿ. ಇನ್ನೂ ಪರಿಶೀಲನೆಯಲ್ಲಿದ್ದರೆ ಹಾಗೆಂದೇ ಹೇಳಿ. ಸುಳ್ಳು ಹೇಳಿದರೆ ಒಂದು ಕ್ಲಿಕ್‌ನಲ್ಲಿ ಗೊತ್ತಾಗುತ್ತದೆ, ಅಲ್ವಾ?

ನಿಮ್ಮ ಬಗ್ಗೆ ಹೇಳಬಲ್ಲ ಎರಡು ಮೂರು ಜನರ ಹೆಸರನ್ನು ಕೊನೆಗೆ ಹಾಕಿ. ಆದರೆ ಮೊದಲು ಅವರಿಗೆ ಫೋನ್ ಮಾಡಿ, ‘ಸರ್, ನಿಮ್ಮ ಹೆಸರು ಕೊಡಲೇ?’ ಎಂದು ಕೇಳಿ.

ಕಂಪನಿಗಾದರೆ ದೊಡ್ಡ ಫೈಲಿನಿಂದ ಆ ಕೆಲಸಕ್ಕೆ ಬೇಕಾದ್ದನ್ನಷ್ಟೇ ಎತ್ತಿಕೊಳ್ಳಿ. ಅನೇಕ ಕಡೆ ಮೊದಲು ಸಾಫ್ಟ್‌ವೇರ್ ಓದುತ್ತದೆ. ಟೇಬಲ್, ಎರಡು ಕಾಲಂ ಇದ್ದರೆ ಅದು ಎಡವಬಹುದು.

ಕಳಿಸುವುದು ಪಿಡಿಎಫ್‌ನಲ್ಲೇ. ಕನ್ನಡ ಲೇಖನಗಳ ಹೆಸರನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯುನಿಕೋಡ್‌ಗೆ ಬದಲಾಯಿಸಿ. ಇಲ್ಲದಿದ್ದರೆ ಪಿಡಿಎಫ್‌ನಿಂದ ಆ ಹೆಸರನ್ನು ಕಾಪಿ ಮಾಡಿದಾಗ ಅರ್ಥವಾಗದ ಚಿಹ್ನೆಗಳಷ್ಟೇ ಬಂದಾವು.