ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಆಫ್ ಆಗದಿದ್ದರೆ ಮೊದಲು ಫೈಲಿನ ಹೆಸರು ನೋಡಿ

ಎಸ್‌ಎಸ್‌ಎಚ್ ಎಂದರೆ ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ. ಉಬುಂಟು (ಒಂದು ಲಿನಕ್ಸ್) ಸರ್ವರ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಲು ‘ಪಾಸ್‌ವರ್ಡ್‌ಅಥೆಂಟಿಕೇಶನ್ ನೋ’ ಎಂದು ಬರೆದರೂ ಪಾಸ್‌ವರ್ಡ್ ಕೇಳುತ್ತಲೇ ಇತ್ತು. ರೀಸ್ಟಾರ್ಟ್, ರೀಬೂಟ್ ಎರಡೂ ಉಪಯೋಗಕ್ಕೆ ಬರಲಿಲ್ಲ.

ನಾನು ತಿದ್ದಿದ್ದು ‘ಎಸ್‌ಎಸ್‌ಎಚ್_ಕಾನ್ಫಿಗ್’ ಎಂಬ ಸೆಟ್ಟಿಂಗ್ ಫೈಲು, ಅದು ಕ್ಲೈಂಟ್‌ನದು, ಅಂದರೆ ಸಂಪರ್ಕ ಕೋರುವ ಕಡೆಯದು. ಸರ್ವರ್‌ನದು ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’. ವ್ಯತ್ಯಾಸ ಒಂದೇ ‘ಡಿ’. ಮ್ಯಾನ್ ಪುಟಗಳ (ಲಿನಕ್ಸ್‌ನ ಕೈಪಿಡಿ) ಹೆಸರೂ ಹಾಗೆಯೇ, ಎರಡೂ 5ನೇ ವಿಭಾಗದಲ್ಲೇ ಇವೆ.

ಸರಿಯಾದ ಫೈಲ್ ತಿದ್ದಿದರೂ ಸಾಲಲಿಲ್ಲ. ಅದರ ಆರಂಭದಲ್ಲಿರುವ, ಬೇರೆ ಫೈಲುಗಳನ್ನು ಸೇರಿಸುವ ಇನ್‌ಕ್ಲೂಡ್ ಸಾಲು ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರನ್ನು ಮೊದಲು ಓದಿಸುತ್ತದೆ, ಅಲ್ಲಿನ ‘50-ಕ್ಲೌಡ್-ಇನಿಟ್.ಕಾನ್ಫ್’ನಲ್ಲಿ ‘ಯೆಸ್’ ಇತ್ತು. ಅಲ್ಲಿನ ಫೈಲುಗಳನ್ನು ಹೆಸರಿನ ಕ್ರಮದಲ್ಲಿ ಓದುವುದರಿಂದ ‘99-’ರಿಂದ ಶುರುವಾಗುವ ಫೈಲ್ ಹಾಕಿದ್ದೂ ವ್ಯರ್ಥ. ಸಿಸ್‌ಸಿಟಿಎಲ್‌ನಲ್ಲಿ (ಲಿನಕ್ಸ್ ಕರ್ನಲ್‌ನ ಸೆಟ್ಟಿಂಗ್ ಬದಲಿಸುವ ಸಾಧನ) ಕೊನೆಯ ಮೌಲ್ಯ ನಿಲ್ಲುತ್ತದೆ, ಇಲ್ಲಿ ಮೊದಲು ಸಿಕ್ಕಿದ್ದೇ ನಿಲ್ಲುತ್ತದೆ. ಹೆಸರನ್ನು ‘01-ಪಾಸ್‌ವರ್ಡ್.ಕಾನ್ಫ್’ ಎಂದು ಬದಲಿಸಿದ ಮೇಲೆಯೇ ಸರಿಹೋಯಿತು. ಕೊನೆಯಲ್ಲಿ ‘.ಕಾನ್ಫ್’ ಇಲ್ಲದಿದ್ದರೆ ಆ ಫೈಲನ್ನು ಓದುವುದೇ ಇಲ್ಲ.

ನಂತರ ‘ಸುಡೊ ಎಸ್‌ಎಸ್‌ಎಚ್‌ಡಿ -ಟಿ’ ಆದೇಶವನ್ನು ಎರಡು ಬಾರಿ, ಟಿಯನ್ನು ಒಮ್ಮೆ ಸಣ್ಣಕ್ಷರದಲ್ಲಿ, ಒಮ್ಮೆ ದೊಡ್ಡಕ್ಷರದಲ್ಲಿ ಬರೆದು ಓಡಿಸಿ: ಸಣ್ಣಕ್ಷರದ ಟಿ ಬರವಣಿಗೆಯ ತಪ್ಪು ಹಿಡಿಯುತ್ತದೆ, ದೊಡ್ಡಕ್ಷರದ ಟಿ ಎಲ್ಲ ಫೈಲ್ ಓದಿದ ಮೇಲೆ ಉಳಿಯುವ ಮೌಲ್ಯ ತೋರಿಸುತ್ತದೆ. ಆಮೇಲೆ ಹೊಸ ಸೆಟ್ಟಿಂಗ್ ಜಾರಿಗೆ ಬರಲು ‘ಸಿಸ್ಟಮ್‌ಸಿಟಿಎಲ್ ರೀಲೋಡ್ ಎಸ್‌ಎಸ್‌ಎಚ್’ ಓಡಿಸಿ. ಕೀ (ಪಾಸ್‌ವರ್ಡ್ ಬದಲು ಗುರುತು ಸಾಬೀತುಪಡಿಸುವ ಫೈಲು) ಬಳಸಿ ಹೊಸ ಕಿಟಕಿಯಲ್ಲಿ ಲಾಗಿನ್ ಆಗುವವರೆಗೆ ಹಳೆಯ ಸೆಷನ್ ಮುಚ್ಚಬೇಡಿ.