ಎಲ್‌ಡಿಎಚ್ ವರದಿಗೆ ಸಹಿ ಹಾಕುವ ಮುನ್ನ

ನಾನು ಆಸ್ಪತ್ರೆಯ ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕ್ಯಾನ್ಸರ್ ವಾರ್ಡಿನಿಂದ ಬರುವ ಟೆಸ್ಟುಗಳಲ್ಲಿ ನಾನು ತುಂಬಾ ಹೊತ್ತು ನೋಡುವುದು ಎಲ್‌ಡಿಎಚ್, ಅಂದರೆ ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಎಂಬ ಕಿಣ್ವ. ಹೊಸ ಟೆಸ್ಟೇನಲ್ಲ. ಆದರೂ ಕಾಯಿಲೆ ಮುಂದೆ ಯಾವ ದಾರಿ ಹಿಡಿಯಬಹುದು ಎಂದು ಅಂದಾಜು ಮಾಡಲು ವೈದ್ಯರು ಇಂದಿಗೂ ಇದನ್ನು ಕೇಳುತ್ತಾರೆ.

ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಗ್ಲುಕೋಸನ್ನು ಲ್ಯಾಕ್ಟೇಟ್ ಮಾಡಿಬಿಡುತ್ತವೆ. 1920ರ ದಶಕದಲ್ಲೇ ಜರ್ಮನ್ ವಿಜ್ಞಾನಿ ಆಟೊ ವಾರ್ಬರ್ಗ್ ಇದನ್ನು ಗಮನಿಸಿದ್ದರು. ಲ್ಯಾಕ್ಟೇಟ್ ತಯಾರಾಗುವ ಕೊನೆಯ ಹಂತವನ್ನು ನಡೆಸುವ ಕಿಣ್ವವೇ ಎಲ್‌ಡಿಎಚ್. ಗಡ್ಡೆ ಬೆಳೆದು ಒಳಗೆ ಆಮ್ಲಜನಕ ಸಾಲದಾದಾಗ ಕೋಶಗಳು ಇದನ್ನು ಇನ್ನೂ ಜಾಸ್ತಿ ತಯಾರಿಸುತ್ತವೆ. ಕೋಶ ಸತ್ತರೆ ಕಿಣ್ವ ರಕ್ತಕ್ಕೆ ಸೋರುತ್ತದೆ. ಗಡ್ಡೆ ಎಷ್ಟಿದೆ, ಎಷ್ಟು ಬೇಗ ಬೆಳೆದು ಸಾಯುತ್ತಿದೆ ಎಂಬುದರ ಸುಳಿವು ಹೀಗೆ ಸಿಗುತ್ತದೆ.

ಆದರೆ ನಂಬುವ ಮುಂಚೆ ಟ್ಯೂಬನ್ನು ನೋಡಬೇಕು. ಕೆಂಪು ರಕ್ತಕಣದ ಒಳಗೆ ಸೀರಮ್ಮಿಗಿಂತ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕಿಂತ) ನೂರು ಪಟ್ಟಿಗೂ ಹೆಚ್ಚು ಎಲ್‌ಡಿಎಚ್ ಇರುತ್ತದೆ. ರಕ್ತ ತೆಗೆಯುವಾಗ ಸಿರಿಂಜನ್ನು ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಿದರೆ ಕಣಗಳು ಒಡೆದು ಅಂಕಿ ಸುಮ್ನೆ ಏರುತ್ತದೆ. ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಮೆಷಿನ್ ಹಿಮಾಲಿಸಿಸ್ (ರಕ್ತಕಣ ಒಡೆದಿವೆ) ಎಂದು ಎಚ್ಚರಿಸಿದರೆ, ನಾನು ಆ ಅಂಕಿ ಕಳಿಸುವುದಿಲ್ಲ. ಹೊಸ ಸ್ಯಾಂಪಲ್ ಕೇಳುತ್ತೇನೆ. ಒಡೆದ ಕಣಗಳಿಂದಲೇ ಸೋರುವ ಪೊಟ್ಯಾಸಿಯಂ ಕೂಡ ಜೊತೆಗೇ ಏರಿದ್ದರೆ ಅನುಮಾನ ಇನ್ನೂ ಗಟ್ಟಿ. ಮತ್ತೊಮ್ಮೆ ಚುಚ್ಚಿಸಿಕೊಳ್ಳುವುದು ರೋಗಿಗೆ ಕಷ್ಟ, ನಿಜ. ಕಾಯಿಲೆ ಹೆಚ್ಚಿದೆ ಎಂದು ತಪ್ಪು ತಿಳಿದು ಹೆದರುವುದು ಅದಕ್ಕಿಂತ ದೊಡ್ಡ ಕಷ್ಟ ಅಲ್ವಾ? ಸ್ಯಾಂಪಲ್ಲನ್ನು ಫ್ರಿಜ್‌ನಲ್ಲಿ ಇಡುವುದನ್ನೂ ನಾನು ಬಿಡಿಸಿದ್ದೇನೆ. ಈ ಕಿಣ್ವದ ಐದು ರೂಪಗಳಲ್ಲಿ ನಾಲ್ಕನೆಯದು, ಐದನೆಯದು ತಣ್ಣಗಾದರೆ ಕೆಡುತ್ತವೆ. ಬೇಗ ಸೀರಮ್ ಬೇರ್ಪಡಿಸಿ, ರೂಮಿನ ತಾಪಮಾನದಲ್ಲೇ ಇಟ್ಟು, ಅಂದೇ ಟೆಸ್ಟ್ ಮಾಡುವುದು ನಮ್ಮ ಪದ್ಧತಿ.

ಒಂದೊಂದು ಲ್ಯಾಬಿನ ವಿಧಾನದಲ್ಲಿ ನಾರ್ಮಲ್ ಮಿತಿ ಒಂದೊಂದು ಥರ. ಹಾಗಾಗಿ ಬರೀ ಅಂಕಿಯನ್ನು ಹೋಲಿಸಬಾರದು. ಮೇಲ್ಮಿತಿಯ ಎಷ್ಟು ಪಟ್ಟು ಎಂದು ನಾನು ವರದಿಯಲ್ಲೇ ಬರೆಯುತ್ತೇನೆ. ವೃಷಣದ ಜರ್ಮ್ ಸೆಲ್ (ವೀರ್ಯಾಣು ಹುಟ್ಟಿಸುವ ಕೋಶಗಳ) ಗಡ್ಡೆಗಳಲ್ಲಿ ವೈದ್ಯರಿಗೆ ಬೇಕಾಗುವುದೂ ಇದೇ: ಒಂದೂವರೆ ಪಟ್ಟಿಗಿಂತ ಕಡಿಮೆಯಾ, ಹತ್ತು ಪಟ್ಟು ದಾಟಿದೆಯಾ ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ, ಕಾಯಿಲೆಯ ಮುಂದಿನ ದಾರಿ ಅಂದಾಜಿಸಲು 1993ರಲ್ಲಿ ಬಂದ ಐಪಿಐ ಸ್ಕೋರಿನಲ್ಲಿ ವಯಸ್ಸು, ಸ್ಟೇಜ್ ಮುಂತಾದ ಐದು ಅಂಶಗಳಲ್ಲಿ ಎಲ್‌ಡಿಎಚ್ ಕೂಡ ಒಂದು. ದೇಹದ ಬೇರೆ ಭಾಗಗಳಿಗೆ ಹರಡಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲೂ ಇದನ್ನು ನೋಡುತ್ತಾರೆ.

ಎಲ್ಲ ಕಿಣ್ವಗಳೂ ರಕ್ತದಲ್ಲಿ ಏರುವುದರಿಂದಲೇ ಸುಳಿವು ಕೊಡುತ್ತವೆ ಎಂದಲ್ಲ. ಮೆದುಳಿನ ಗ್ಲಯೋಮಾ ಎಂಬ ಗಡ್ಡೆಯಲ್ಲಿ ನೋಡುವುದು ಐಡಿಎಚ್ ಎಂಬ ಕಿಣ್ವದ ಜೀನ್ ಬದಲಾಗಿದೆಯೇ ಎಂದು. ಬದಲಾಗಿದ್ದರೆ, ಬದಲಾಗದ ಗಡ್ಡೆಗಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುವ ಆಸೆ ಇಡಬಹುದು. ಅದು ಗಡ್ಡೆಯ ತುಣುಕಿನ ಮೇಲೆ ಪೆಥಾಲಜಿಯವರು ಮಾಡುವ ಕೆಲಸ.

ಎಲ್‌ಡಿಎಚ್ ಜಾಸ್ತಿ ಬಂದಿದೆ, ಕ್ಯಾನ್ಸರ್ ಹರಡಿದೆಯಾ ಎಂದು ಮನೆಯವರು ಲ್ಯಾಬಿಗೇ ಬಂದು ಕೇಳುವುದುಂಟು. ಲಿವರ್ ತೊಂದರೆ, ಹೃದಯಾಘಾತ, ಸ್ನಾಯುವಿಗೆ ಪೆಟ್ಟು, ಬಿ12 ಕೊರತೆಯ ರಕ್ತಹೀನತೆ, ಯಾವುದರಿಂದಲಾದರೂ ಇದು ಏರಬಹುದು. ಇದೊಂದನ್ನೇ ಹಿಡಿದು ಕ್ಯಾನ್ಸರ್ ಇದೆ ಎಂದಾಗಲಿ ಹರಡಿದೆ ಎಂದಾಗಲಿ ಹೇಳಲು ಬರುವುದಿಲ್ಲ. ಅಷ್ಟನ್ನು ತಾಳ್ಮೆಯಿಂದ ಹೇಳಿ, ಉಳಿದದ್ದನ್ನು ಅವರ ವೈದ್ಯರ ಹತ್ತಿರ ಮಾತಾಡಲು ಹೇಳುತ್ತೇನೆ.

ಕೀಮೋ ಶುರುವಾದ ಮೇಲೆ ಅಂಕಿ ಏರಿದರೆ ಇನ್ನೂ ಎಚ್ಚರ ಬೇಕು. ಔಷಧಿಗೆ ಗಡ್ಡೆಯ ಕೋಶಗಳು ಒಟ್ಟಿಗೇ ಸಾಯುತ್ತಿರಬಹುದು. ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಜಿಸಿಎಸ್‌ಎಫ್ ಇಂಜೆಕ್ಷನ್ನಿಂದಲೂ ಎಲ್‌ಡಿಎಚ್ ಏರುತ್ತದೆ. ಅದಕ್ಕೇ ಇವೆರಡನ್ನೂ ಕೊಟ್ಟ ದಿನಾಂಕವನ್ನು ಟೆಸ್ಟ್ ಫಾರಂನಲ್ಲಿ ಬರೆದು ಕಳಿಸಿ ಎಂದು ವಾರ್ಡಿನ ನರ್ಸ್‌ಗಳನ್ನು ಕೇಳಿಕೊಂಡಿದ್ದೇನೆ.